ಮುದಿ ಬೆಕ್ಕಿನ ಪಾಪೆ ಬಿಸಿಲಲ್ಲೂ ಅರಳಿಕೊಂಡೇ ಇದೆ, ಕುರ್ಚಿಗೆ ಡಿಕ್ಕಿ ಹೊಡೀತಿದೆ. ಪೊರೆನಾ?

ಬಸವನಗುಡಿ_ಬೆಕ್ಕು · ಶನಿವಾರ 9:10
ಹೆಣ್ಣು ಬೆಕ್ಕು, ನಾಟಿ, 14 ವರ್ಷ. ತೂಕ ಹೋದ ವರ್ಷ 4 ಕೆಜಿ, ಈಗ 3.4. ನಿನ್ನೆ ಬೆಳಿಗ್ಗೆಯಿಂದ ಎರಡೂ ಕಣ್ಣಿನ ಪಾಪೆ ಪೂರ್ತಿ ಅರಳಿದೆ. ಬಿಸಿಲು ಬೀಳೋ ಕಿಟಕಿ ಹತ್ತಿರ ಕೂರಿಸಿದರೂ ಕಿರಿದಾಗ್ತಿಲ್ಲ. ಕುರ್ಚಿ ಕಾಲಿಗೆ ತಾಗಿಕೊಂಡು ಓಡಾಡ್ತಿದೆ, ಸೋಫಾ ಹತ್ತೋಕೆ ಹೋಗಿ ಅಂದಾಜು ತಪ್ಪಿ ಬಿತ್ತು. ಊಟ ಮಾಡ್ತಿದೆ. ನೀರು ಕುಡಿಯೋದು ಮಾತ್ರ ಮೂರು ತಿಂಗಳಿಂದ ಜಾಸ್ತಿ. ಇದರ ಜೊತೆ ಎಡಗಣ್ಣಲ್ಲಿ ನೀರು, ಬೆಳಿಗ್ಗೆ ಕಂದು ಗೀಜು, ಆಗಾಗ ಆ ಕಣ್ಣನ್ನ ಅರ್ಧ ಮುಚ್ಚುತ್ತೆ.

ಮನೇಲಿ ಮನುಷ್ಯರ ಡ್ರಾಪ್ಸ್ ಒಂದಿದೆ, ಸಿಪ್ರೊಫ್ಲಾಕ್ಸಸಿನ್ ಮತ್ತು ಡೆಕ್ಸಾಮೆಥಸೋನ್ ಸೇರಿರೋದು. ಸೋಮವಾರದವರೆಗೆ ಅದನ್ನ ಹಾಕಿಕೊಂಡು ಕಾಯಬಹುದಾ?

ಸೋಮಾರಿ_ಮಾರ್ಜಾಲ · 9:18
ಪೊರೆ ಇರಬೇಕು. ವಯಸ್ಸಾದ ಮೇಲೆ ಬರುತ್ತೆ, ಗಾಬರಿ ಬೇಡ.

ನಾಲ್ಕುಕಾಲು_ವೈದ್ಯ · 9:31
ಪೊರೆ ಅಲ್ಲ. ದಯವಿಟ್ಟು ಸೋಮವಾರದವರೆಗೆ ಕಾಯಬೇಡಿ, ಇವತ್ತೇ ಹೊರಡಿ. ಆ ಡ್ರಾಪ್ಸನ್ನೂ ಹಾಕಬೇಡಿ.

ಪೊರೆ ರಾತ್ರೋರಾತ್ರಿ ಎರಡೂ ಕಣ್ಣಿಗೆ ಬರೋದಿಲ್ಲ. ಬಂದರೂ ಬೆಳಕಿಗೆ ಪಾಪೆ ಕಿರಿದಾಗುತ್ತೆ, ಯಾಕಂದ್ರೆ ಹಿಂದಿನ ಅಕ್ಷಿಪಟಲ (ಬೆಳಕು ಗ್ರಹಿಸೋ ಪದರ, ರೆಟಿನಾ) ಕೆಲಸ ಮಾಡ್ತಾ ಇರುತ್ತೆ. ಹತ್ತು ವರ್ಷ ದಾಟಿದ ಬೆಕ್ಕಲ್ಲಿ ಹಠಾತ್ತಾಗಿ ಎರಡೂ ಪಾಪೆ ಅರಳಿ ದೃಷ್ಟಿ ಹೋದರೆ ಮೊದಲು ಅನುಮಾನಿಸಬೇಕಾದ್ದು ರಕ್ತದೊತ್ತಡ. ಒತ್ತಡ ಏರಿದಾಗ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಸೋರುತ್ತವೆ. ಆ ನೀರು ಅಕ್ಷಿಪಟಲದ ಹಿಂದೆ ತುಂಬಿಕೊಂಡು, ಗೋಡೆಯಿಂದ ಸುಣ್ಣ ಎದ್ದ ಹಾಗೆ ಅದನ್ನ ಎಬ್ಬಿಸಿಬಿಡುತ್ತೆ. ನೀರು ಜಾಸ್ತಿ ಕುಡಿಯೋದು, ತೂಕ ಇಳಿಯೋದು ಎರಡೂ ಮೂತ್ರಪಿಂಡದ ಕಡೆ ಬೆರಳು ತೋರಿಸ್ತಿವೆ. ಬೆಕ್ಕಲ್ಲಿ ರಕ್ತದೊತ್ತಡ ಏರೋಕೆ ದೊಡ್ಡ ಕಾರಣಗಳು ಎರಡೇ: ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋದು.

ಕಳಚಿದ ಅಕ್ಷಿಪಟಲ ಒತ್ತಡ ಇಳಿದರೆ ಮತ್ತೆ ಅಂಟಿಕೊಳ್ಳಬಹುದು. ಬೇಗ ಶುರು ಮಾಡಿದ ಬೆಕ್ಕುಗಳಿಗೆ ಸ್ವಲ್ಪ ದೃಷ್ಟಿ ವಾಪಸ್ ಬರೋದೂ ಇದೆ. ದಿನಗಳು ಕಳೆದಷ್ಟೂ ಅದರ ಜೀವಕೋಶ ಸಾಯ್ತಾ ಹೋಗುತ್ತೆ. ಶನಿವಾರ ಮತ್ತು ಸೋಮವಾರದ ನಡುವೆ ಇರೋ ವ್ಯತ್ಯಾಸ ಅದೇ.

ಕೊತ್ತಿಮರಿ · 9:40
ಹೋಗೋ ಮುಂಚೆ ಮನೇಲೇ ಎರಡು ನಿಮಿಷದ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಹೇಳೋಕೆ ಬೇಕಾಗುತ್ತೆ. ಹತ್ತಿ ಉಂಡೆಯನ್ನ ಅದರ ಮುಖದ ಮುಂದೆ ಮೇಲಿಂದ ಬೀಳಿಸಿ. ಹತ್ತಿ ಸದ್ದು ಮಾಡಲ್ಲ, ಗಾಳಿ ಎಬ್ಬಿಸಲ್ಲ. ಕಾಣೋ ಬೆಕ್ಕು ತಲೆ ಆಡಿಸಿ ಹಿಂಬಾಲಿಸುತ್ತೆ. ಕೈ ಬೀಸಿ ನೋಡೋರು ಹೆಚ್ಚು, ಅದು ಮೋಸ: ಕೈಯ ಗಾಳಿ ಮೀಸೆಗೆ ತಾಗಿ ಕುರುಡು ಬೆಕ್ಕೂ ಕಣ್ಣು ಮಿಟುಕಿಸುತ್ತೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನ ಪಕ್ಕದಿಂದ ಒಂದೊಂದೇ ಕಣ್ಣಿಗೆ ಒಂದು ಕ್ಷಣ ಹಿಡಿಯಿರಿ. ಪಾಪೆ ಎಷ್ಟು ಕಿರಿದಾಯ್ತು, ಎರಡೂ ಒಂದೇ ಥರ ಇದೆಯಾ, ನೋಡಿ.

ಹುಬ್ಳಿ_ಹುಲಿಮರಿ · 9:52
ನಮ್ಮ ಕಡೆ ಕಣ್ಣ ಕೆಂಪಾದ್ರ ನಂದಿಬಟ್ಟಲ ಹೂವು ನೀರಾಗ ನೆನಸಿ ಆ ನೀರು ಬಿಡತಾರ್ರಿ. ತಂಪ ಆಗತೈತಿ. ಎಡಗಣ್ಣಿನ ಗೀಜಿಗೆ ಅದನ್ನರ ಹಾಕಬಹುದಲ್ಲ?

ನಾಲ್ಕುಕಾಲು_ವೈದ್ಯ · 10:01
ಬೇಡ ಸರ್. ಹೂವು, ಜೇನು, ಹರಳೆಣ್ಣೆ, ಎದೆಹಾಲು, ಟೀ ಸೊಪ್ಪಿನ ನೀರು ಎಲ್ಲಕ್ಕೂ ಒಂದೇ ಉತ್ತರ. ಅರ್ಧ ಮುಚ್ಚಿದ ಕಣ್ಣು ಅಂದ್ರೆ ನೋವಿದೆ, ಕರಿಗುಡ್ಡೆಯ (ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ) ಮೇಲೆ ಗೀರು ಅಥವಾ ಹುಣ್ಣು ಇರಬಹುದು. ಶುದ್ಧ ಮಾಡಿರದ ಯಾವುದೇ ದ್ರವ ಆ ಹುಣ್ಣಿನೊಳಗೆ ಬ್ಯಾಕ್ಟೀರಿಯಾ, ಬೂಷ್ಟು ಬಿತ್ತುತ್ತೆ.

ಹುಬ್ಳಿ_ಹುಲಿಮರಿ · 10:06
ಎಲ್ಲಾರ ಮನ್ಯಾಗೂ ಹಾಕಿ ಆರಾಮ ಆಗಿದ್ದು ಸುಳ್ಳೇನ್ರಿ? ಎಷ್ಟ ಬೆಕ್ಕಿಗೆ ಗುಣ ಆಗಿಲ್ಲ?

ಪುಚ್ಚೆಮನೆ_ಉಡುಪಿ · 10:15
ಸುಳ್ಳಲ್ಲ, ಆದರೆ ಗುಣ ಮಾಡಿದ್ದು ಹೂವಲ್ಲ. ಬೆಕ್ಕಿನ ಕಣ್ಣಲ್ಲಿ ನೀರು ಬರುವುದಕ್ಕೆ ಬಹಳ ಸಲ ಹರ್ಪಿಸ್ ವೈರಸ್ ಕಾರಣ. ಅದು ಮರಿಯಲ್ಲೇ ಒಳಗೆ ಸೇರಿ ನರದೊಳಗೆ ಮಲಗಿರುತ್ತದೆ, ಶಕ್ತಿ ಕುಂದಿದಾಗ ಎದ್ದು ಬರುತ್ತದೆ, ಬಹಳ ಸಲ ಒಂದೆರಡು ವಾರದಲ್ಲಿ ತಾನಾಗಿಯೇ ಅಡಗುತ್ತದೆ. ಆ ವಾರದಲ್ಲಿ ಏನು ಹಾಕಿದ್ದೇವೋ ಅದಕ್ಕೆ ಹೆಸರು ಬರುತ್ತದೆ.

ಗೀಜು ತೆಗೆಯುವ ಸರಿಯಾದ ರೀತಿ ಹೇಳುತ್ತೇನೆ. ಮೆಡಿಕಲ್‌ನಲ್ಲಿ ಸಿಗುವ 0.9% ನಾರ್ಮಲ್ ಸಲೈನ್‌ನ 100 ಮಿಲಿ ಬಾಟಲಿ ತನ್ನಿ. ಹತ್ತಿ ಬೇಡ, ಎಳೆ ಕಣ್ಣಿಗೆ ಅಂಟುತ್ತದೆ. ಗಾಜ್ ತುಂಡು ನೆನೆಸಿ ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಇಡಿ. ಗೀಜು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಆ ತುಂಡು ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆ ತುಂಡು. ಒಣಗಿದ್ದನ್ನು ಉಗುರಿನಿಂದ ಕೀಳಬೇಡಿ, ಚರ್ಮ ಕಿತ್ತು ಬರುತ್ತದೆ. ಬಾಟಲಿ ತೆರೆದ ಮೇಲೆ 24 ಗಂಟೆಯಲ್ಲಿ ಚೆಲ್ಲಿಬಿಡಿ.

ಹುಬ್ಳಿ_ಹುಲಿಮರಿ · 10:22
ಇದು ಒಪ್ಪುವ ಮಾತು. ಮನ್ಯಾಗ ಉಪ್ಪುನೀರು ಮಾಡಿದ್ರ ನಡೀತೈತೇನು?

ಪುಚ್ಚೆಮನೆ_ಉಡುಪಿ · 10:25
ಲೀಟರಿಗೆ 9 ಗ್ರಾಂ ಉಪ್ಪು, ಕುದಿಸಿ ಆರಿಸಿದ ನೀರು. ಅದನ್ನು ತೂಕ ಮಾಡಬೇಕು, ಚಮಚದ ಲೆಕ್ಕ ಬೇಡ. ಪುಡಿ ಉಪ್ಪಿಗೂ ಹರಳು ಉಪ್ಪಿಗೂ ಚಮಚದಲ್ಲಿ ತೂಕ ಬೇರೆ. ರೆಪ್ಪೆಯ ಹೊರಗೆ ಒರೆಸಲು ಮಾತ್ರ, ಕಣ್ಣೊಳಗೆ ಬಿಡಲು ಅಂಗಡಿಯದ್ದೇ ಆಗಬೇಕು.

ಮದ್ದಿನಂಗಡಿ · 10:48
ಆ ಡ್ರಾಪ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಕೌಂಟರ್‌ನಲ್ಲಿ ದಿನಾ ಇದನ್ನೇ ಕೇಳ್ತಾರೆ. ಡೆಕ್ಸಾಮೆಥಸೋನ್ ಸ್ಟೀರಾಯ್ಡ್. ಅದು ಉರಿ ಇಳಿಸುತ್ತೆ, ಕೆಂಪು ಹೋಗುತ್ತೆ, ನೋಡಿದವರಿಗೆ ಗುಣ ಆದ ಹಾಗೆ ಕಾಣುತ್ತೆ. ಒಳಗೆ ಹುಣ್ಣಿದ್ದರೆ ಅದು ಮಾಯೋದನ್ನ ತಡೆಯುತ್ತೆ, ಹರ್ಪಿಸ್ ಇದ್ದರೆ ವೈರಸ್ಸಿಗೆ ಬಾಗಿಲು ತೆಗೆದ ಹಾಗೆ. ಕರಿಗುಡ್ಡೆ ಕರಗಿ ತೂತಾಗೋ ಮಟ್ಟಕ್ಕೂ ಹೋಗಬಹುದು. ಪೆಟ್ಟಿಗೆ ಮೇಲೆ ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಕ್ಸ್' ಬಾಲ ಇದ್ದರೆ ಹೆಚ್ಚಿನ ಸಲ ಸ್ಟೀರಾಯ್ಡ್ ಸೇರಿದೆ ಅಂತಲೇ ಅರ್ಥ. ಬೆಟಾಮೆಥಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್ ಕೂಡ ಸ್ಟೀರಾಯ್ಡ್‌ಗಳೇ, ಹಿಂದೆ ಸಣ್ಣ ಅಕ್ಷರದಲ್ಲಿರುತ್ತೆ, ಓದಿ.

ಕೆಂಪು ತೆಗೆಯೋ ಡ್ರಾಪ್ಸ್ (ನಾಫಾಜೋಲಿನ್ ಇರೋದು) ಬೆಕ್ಕು ನೆಕ್ಕಿದರೂ ವಿಷ. ನೋವಿಗೆ ಪ್ಯಾರಸಿಟಮಾಲ್ ಕೊಡಲೇಬೇಡಿ, ಬೆಕ್ಕಿನ ಯಕೃತ್ತಿಗೆ ಅದನ್ನ ಅರಗಿಸೋ ಶಕ್ತಿ ಇಲ್ಲ, ಒಂದು ಮಾತ್ರೆ ಸಾಕು ಜೀವ ತೆಗೆಯೋಕೆ. ಹರ್ಪಿಸ್ ಅಂತ ಕೇಳಿ ಮನೇಲಿರೋ ಎಸೈಕ್ಲೋವಿರ್ ಮಾತ್ರೆ ಕೊಡೋರೂ ಇದಾರೆ. ಬೆಕ್ಕಿಗೆ ಅದು ಮೂಳೆಮಜ್ಜೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತೆ. ಬೆಕ್ಕಿಗೆ ಕೊಡೋದು ಫ್ಯಾಮ್‌ಸೈಕ್ಲೋವಿರ್, ಅದೂ ಮೂತ್ರಪಿಂಡ ಸರಿ ಇಲ್ಲದಿದ್ದರೆ ಡಾಕ್ಟರು ಪ್ರಮಾಣ ಇಳಿಸಬೇಕು.

ಸೋಮಾರಿ_ಮಾರ್ಜಾಲ · 10:55
ಲೈಸಿನ್ ಪುಡಿ ಊಟಕ್ಕೆ ಬೆರೆಸಿದರೆ ಹರ್ಪಿಸ್ ಹಿಡಿತಕ್ಕೆ ಬರುತ್ತೆ ಅಂತಾರಲ್ಲ?

ನಾಲ್ಕುಕಾಲು_ವೈದ್ಯ · 11:02
ಹಳೇ ಸಲಹೆ. 2015ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯಲ್ಲಿ ಉಪಯೋಗ ಕಾಣಲಿಲ್ಲ, ನಿಲ್ಲಿಸಿ ಅಂತಲೇ ಬರೆದರು. ಆ ದುಡ್ಡನ್ನ ರಕ್ತಪರೀಕ್ಷೆಗೆ ಇಡಿ.

ಬಸವನಗುಡಿ_ಬೆಕ್ಕು · 11:10
ಹತ್ತಿ ಉಂಡೆಗೆ ತಿರುಗಲೇ ಇಲ್ಲ. ಟಾರ್ಚಿಗೆ ಪಾಪೆ ಕೂದಲೆಳೆಯಷ್ಟು ಕಿರಿದಾಯ್ತು ಅಷ್ಟೆ. ಹೊರಡ್ತಿದೀನಿ. ಅಲ್ಲಿ ಏನೇನು ಕೇಳಬೇಕು?

ನಾಲ್ಕುಕಾಲು_ವೈದ್ಯ · 11:16
ಮೊದಲು ಫೋನ್ ಮಾಡಿ ಬೆಕ್ಕಿನ ರಕ್ತದೊತ್ತಡ ಅಳೆಯೋ ಡಾಪ್ಲರ್ ಇದೆಯಾ ಕೇಳಿ. ಇಲ್ಲದಿದ್ದರೆ ಇರೋ ಕಡೆ ಹೋಗಿ, ಬೆಂಗಳೂರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ವಿಚಾರಿಸಬಹುದು. ಹೋದ ತಕ್ಷಣ ಬೇರೆ ಎಲ್ಲ ಪರೀಕ್ಷೆಗೂ ಮುಂಚೆ ಒತ್ತಡ ನೋಡಬೇಕು. ಸೂಜಿ ಚುಚ್ಚಿ, ಥರ್ಮಾಮೀಟರ್ ಇಟ್ಟ ಮೇಲೆ ಅಳೆದರೆ ಹೆದರಿಕೆಯಿಂದಲೇ ಏರಿರುತ್ತೆ. ನಾಯಿ ಬೊಗಳದ ಕೋಣೆ, ಐದು ಹತ್ತು ನಿಮಿಷ ಸುಮ್ಮನೆ ಕೂತು ಆಮೇಲೆ. ಒತ್ತಡ ಅಳೆಯೋಕೆ ಕಾಲಿಗೆ ಸುತ್ತೋ ಪಟ್ಟಿಯ ಅಗಲ ಆ ಕಾಲಿನ ಸುತ್ತಳತೆಯ 30ರಿಂದ 40 ಶೇಕಡಾ ಇರಬೇಕು. ಕಿರಿದಾದರೆ ಸುಳ್ಳು ಏರಿಕೆ ತೋರಿಸುತ್ತೆ, ಅಗಲವಾದರೆ ಸುಳ್ಳು ಇಳಿಕೆ. ಮೊದಲನೇ ಅಳತೆ ಬಿಟ್ಟು ಮುಂದಿನ ಐದಾರರ ಸರಾಸರಿ ತೆಗೀತಾರೆ. ಯಾವ ಕಾಲು, ಕೂತಿತ್ತಾ ಮಲಗಿತ್ತಾ ಅನ್ನೋದನ್ನ ಚೀಟಿಯಲ್ಲಿ ಬರೆಸಿಕೊಳ್ಳಿ, ಮುಂದಿನ ಸಲ ಅದೇ ರೀತಿ ಅಳೆದರೆ ಮಾತ್ರ ಹೋಲಿಸೋಕೆ ಆಗೋದು.

ಮೇಲಿನ ಒತ್ತಡ 160 ದಾಟಿದ್ದು ಪದೇಪದೇ ಕಂಡರೆ ಔಷಧ ಬೇಕು. ಕಣ್ಣು ಹೀಗಾಗಿರುವಾಗ 180 ದಾಟಿದರೆ ಎರಡನೇ ಸಲಕ್ಕೆ ಕಾಯದೆ ಇವತ್ತೇ ಶುರು ಮಾಡ್ತಾರೆ. ಎಡಗಣ್ಣಿಗೆ ಫ್ಲೋರೆಸಿನ್ ಪರೀಕ್ಷೆ ಕೇಳಿ: ಕಿತ್ತಳೆ ಕಾಗದದ ಪಟ್ಟಿಗೆ ಸಲೈನ್ ತಾಗಿಸಿ ಕಣ್ಣಿಗೆ ಬಿಡ್ತಾರೆ, ಹುಣ್ಣಿದ್ದ ಜಾಗ ನೀಲಿ ಬೆಳಕಲ್ಲಿ ಹಸಿರಾಗಿ ಹೊಳೆಯುತ್ತೆ. ಕಣ್ಣಿನ ಒಳಒತ್ತಡವನ್ನೂ ನೋಡಲಿ, ಸಾಮಾನ್ಯವಾಗಿ 10ರಿಂದ 25 ಇರುತ್ತೆ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುತ್ತೆ), ಪೊಟ್ಯಾಸಿಯಂ, ಟಿ4 (ಥೈರಾಯ್ಡ್ ಹಾರ್ಮೋನ್), ಮೂತ್ರದಲ್ಲಿ ಪ್ರೋಟೀನ್.

ಕೊತ್ತಿಮರಿ · 11:24
ಇನ್ನೊಂದು. ಇತ್ತೀಚೆಗೆ ಯಾವುದಾದರೂ ಸೋಂಕಿಗೆ ಎನ್ರೋಫ್ಲಾಕ್ಸಸಿನ್ ಇಂಜೆಕ್ಷನ್ ಕೊಡಿಸಿದ್ದರೆ ಮರೀದೆ ಹೇಳಿ. ಬೆಕ್ಕಿಗೆ ಅದು ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ದಾಟಬಾರದು. ದಾಟಿದರೆ ಅಕ್ಷಿಪಟಲ ಸುಟ್ಟು ಇದೇ ಲಕ್ಷಣ ಬರುತ್ತೆ, ಪಾಪೆ ಅರಳಿ ಹಠಾತ್ ಕುರುಡು. ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ಅಪಾಯ ಹೆಚ್ಚು, ಔಷಧ ಹೊರಗೆ ಹೋಗಲ್ಲ.

ಪುಚ್ಚೆಮನೆ_ಉಡುಪಿ · 11:37
ಊಟ ಏನು ಅಂತ ಯಾರೂ ಕೇಳಲಿಲ್ಲ. ಹಾಲನ್ನ, ಮೊಸರನ್ನ ಮಾತ್ರ ತಿಂದು ಬೆಳೆದ ಬೆಕ್ಕುಗಳು ನಮ್ಮಲ್ಲಿ ಕಡಿಮೆಯೇನಲ್ಲ. ಬೆಕ್ಕಿನ ದೇಹ ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಲಾರದು, ಅದು ಮಾಂಸ, ಮೀನಿನಿಂದಲೇ ಬರಬೇಕು. ಕೊರತೆಯಾದರೆ ಅಕ್ಷಿಪಟಲ ನಡುವಿನಿಂದ ಸವೆಯುತ್ತದೆ, ಹೃದಯವೂ ಹಿಗ್ಗುತ್ತದೆ. ಕಣ್ಣಿನ ವಿಷಯ 1975ರಿಂದಲೇ, ಹೃದಯದ್ದು 1987ರಿಂದ ಗೊತ್ತಿದೆ. ಹೃದಯ ಸರಿಯಾಗಬಹುದು, ಸವೆದ ಕಣ್ಣು ಮರಳುವುದಿಲ್ಲ. ಕೋಳಿ ಬೇಯಿಸಿ ನೀರು ಬಸಿದು ಚೆಲ್ಲುವವರು ಗಮನಿಸಿ, ಟಾರಿನ್ ನೀರಿಗೆ ಇಳಿಯುತ್ತದೆ, ಸಾರಿನ ಸಮೇತ ಕೊಡಿ. ನಾಯಿಯ ಆಹಾರ ಹಾಕುವುದೂ ಬೇಡ, ಅದನ್ನು ಬೆಕ್ಕಿನ ಅಗತ್ಯಕ್ಕೆ ಮಾಡಿರುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ತಪ್ಪು: ದಿನವೂ ಹಸಿ ಮೀನಿನ ತಲೆ, ಕರುಳು. ಕೆಲವು ಜಾತಿಯ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶ ಮಾಡುವ ಕಿಣ್ವ ಇರುತ್ತದೆ. ಬಿ1 ಕೊರತೆಯಲ್ಲೂ ಪಾಪೆ ಅರಳುತ್ತದೆ, ಜೊತೆಗೆ ಬೆಕ್ಕು ತೂರಾಡುತ್ತದೆ, ಕತ್ತು ಎದೆಯ ಕಡೆ ಬಾಗುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ.

ಹುಬ್ಳಿ_ಹುಲಿಮರಿ · 11:45
ಮಠದಾಗ, ಶಾಖಾಹಾರಿ ಮನ್ಯಾಗ ಸಾಕಿದ್ದವು ಹೆಂಗ ಬದುಕ್ಯಾವ ಮತ್ತ?

ಪುಚ್ಚೆಮನೆ_ಉಡುಪಿ · 11:49
ಇಲಿ, ಹಲ್ಲಿ, ಹಕ್ಕಿ ಹಿಡಿದು. ಫ್ಲಾಟಿನಲ್ಲಿ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ಆ ದಾರಿ ಇಲ್ಲ.

ಪರ್ಶಿಯನ್_ಪಕ್ಷ · 12:20
ಮಧ್ಯೆ ಕೇಳ್ತಿದೀನಿ, ಕ್ಷಮಿಸಿ. ಎರಡು ವಿಷಯ. 11 ವರ್ಷದ ಪರ್ಶಿಯನ್ ಬೆಕ್ಕು. ಒಂದು ಕಣ್ಣಿನ ಗುಡ್ಡೆ ಮೇಲೆ ಕಾಫಿ ಬಣ್ಣದ ಮಚ್ಚೆ, ಕಡಲೆಬೇಳೆ ಅರ್ಧದಷ್ಟು, ನೀರು ಸುರಿಯುತ್ತೆ. ಇನ್ನೊಂದು ಕಣ್ಣಿನ ಹಳದಿ ಭಾಗದಲ್ಲಿ ಚಪ್ಪಟೆ ಕಂದು ಚುಕ್ಕೆಗಳು, ಅದಕ್ಕೆ ನೋವಿಲ್ಲ.

ನಾಲ್ಕುಕಾಲು_ವೈದ್ಯ · 12:41
ಎರಡೂ ಬೇರೆ ಬೇರೆ. ಗುಡ್ಡೆಯ ಮೇಲ್ಮೈಯಲ್ಲಿ ಇರೋದು ಸತ್ತ ಕರಿಗುಡ್ಡೆಯ ತುಂಡು, ಸೀಕ್ವೆಸ್ಟ್ರಮ್ ಅಂತಾರೆ. ಚಪ್ಪಟೆ ಮುಖದ ಪರ್ಶಿಯನ್‌ಗಳಲ್ಲಿ ಹೆಚ್ಚು: ಕಣ್ಣು ಉಬ್ಬಿರುತ್ತೆ, ರೆಪ್ಪೆ ಪೂರ್ತಿ ಮುಚ್ಚಲ್ಲ, ಮೇಲ್ಮೈ ಒಣಗುತ್ತೆ. ಡ್ರಾಪ್ಸಿನಿಂದ ಕರಗಲ್ಲ. ತಾನೇ ಕಳಚಿ ಬೀಳೋದು ಉಂಟು, ಬೀಳುವಾಗ ಆಳವಾಗಿ ಕಿತ್ತುಕೊಂಡು ಹೋದರೆ ಕಣ್ಣೇ ತೂತಾಗಬಹುದು. ನೋವಿದ್ದಾಗ ಶಸ್ತ್ರಚಿಕಿತ್ಸೆಯಲ್ಲಿ ಆ ಪದರ ತೆಗೆಯೋದೇ ದಾರಿ. ಅಲ್ಲಿವರೆಗೆ ಸಂರಕ್ಷಕ ಇಲ್ಲದ ಕೃತಕ ಕಣ್ಣೀರು ದಿನಕ್ಕೆ ನಾಲ್ಕರಿಂದ ಆರು ಸಲ.

ಪಾಪೆಯ ಸುತ್ತಲಿನ ಬಣ್ಣದ ವರ್ತುಲದಲ್ಲಿ ಚಪ್ಪಟೆ ಚುಕ್ಕೆ ವಯಸ್ಸಿನ ಕಲೆ ಇರಬಹುದು, ಮೆಲನೋಮಾ ಅನ್ನೋ ಕ್ಯಾನ್ಸರ್ ಗಡ್ಡೆಯ ಶುರುವೂ ಇರಬಹುದು. ಒಂದೇ ನೋಟದಲ್ಲಿ ಹೇಳೋಕಾಗಲ್ಲ. ತಿಂಗಳಿಗೊಂದು ಫೋಟೋ, ಅದೇ ಜಾಗ, ಅದೇ ಬೆಳಕು, ಅದೇ ದೂರ. ಚುಕ್ಕೆ ಹರಡಿತು, ಉಬ್ಬಿತು, ಮಖಮಲ್ಲಿನ ಹಾಗೆ ಕಂಡಿತು, ಪಾಪೆಯ ಆಕಾರ ಸೊಟ್ಟಗಾಯಿತು ಅಂದ್ರೆ ಕಾಯಬಾರದು.

ಸೋಮಾರಿ_ಮಾರ್ಜಾಲ · 12:50
ಹಾಗಾದರೆ ಮುದಿ ಬೆಕ್ಕಿನ ಕಣ್ಣು ನೀಲಿ ಮಂಜಾಗಿ ಕಾಣೋದು ಪೊರೆ ಅಲ್ವಾ? ನಾನು ಅದನ್ನೇ ಪೊರೆ ಅಂದುಕೊಂಡಿದ್ದೆ.

ಕೊತ್ತಿಮರಿ · 12:58
ಬಹುಪಾಲು ಅಲ್ಲ. ಮಸೂರಕ್ಕೆ ಜೀವನಪೂರ್ತಿ ಹೊಸ ಎಳೆಗಳು ಸುತ್ತಿಕೊಳ್ತಾ ಹೋಗ್ತವೆ, ಹಳೇವು ನಡುವೆ ಗಟ್ಟಿಯಾಗಿ ನೀಲಿ ಛಾಯೆ ಬರುತ್ತೆ. ಬೆಳಕು ಅದರ ಮೂಲಕ ಹೋಗುತ್ತೆ, ಬೆಕ್ಕಿಗೆ ಕಾಣುತ್ತೆ, ಔಷಧ ಬೇಡ. ನಿಜವಾದ ಪೊರೆ ಸುಣ್ಣದ ಬಿಳಿ, ಟಾರ್ಚ್ ಹಿಡಿದಾಗ ಹಿಂದಿನ ಹಸಿರು ಹೊಳಪು ಅಲ್ಲಿ ನಿಂತುಬಿಡುತ್ತೆ. ಬೆಕ್ಕಲ್ಲಿ ಪೊರೆ ಬಂದರೆ ಅದರ ಹಿಂದೆ ಹೆಚ್ಚಾಗಿ ಕಣ್ಣಿನೊಳಗಿನ ಹಳೇ ಉರಿಯೂತ ಇರುತ್ತೆ. ಆ ಉರಿಯೂತದಲ್ಲಿ ಪಾಪೆ ಕಿರಿದಾಗುತ್ತೆ, ಬಣ್ಣ ಮಂಕಾಗುತ್ತೆ, ಬೆಕ್ಕಿಗೆ ಬೆಳಕು ಸಹಿಸೋಕಾಗಲ್ಲ.

ಬಸವನಗುಡಿ_ಬೆಕ್ಕು · 16:35
ಬಂದ್ವಿ. ಮೇಲಿನ ಒತ್ತಡದ ಸರಾಸರಿ 214. ಎರಡೂ ಕಡೆ ಅಕ್ಷಿಪಟಲ ಕಳಚಿದೆ, ಬಲಗಡೆ ಸ್ವಲ್ಪ ರಕ್ತವೂ ಇದೆ. ಕ್ರಿಯಾಟಿನಿನ್ 2.9, ಟಿ4 ಸರಿ ಇದೆ. ಎಡಗಣ್ಣಲ್ಲಿ ಮೇಲ್ಪದರದ ಸಣ್ಣ ಹುಣ್ಣು, ಹಸಿರಾಗಿ ಕಾಣಿಸ್ತು. ಬರೆದಿರೋದು: ಒತ್ತಡ ಇಳಿಸೋ ಆಮ್ಲೋಡಿಪಿನ್ 1.25 ಮಿಲಿಗ್ರಾಂ ದಿನಕ್ಕೊಂದು ಸಲ, ಎಡಗಣ್ಣಿಗೆ ಟೋಬ್ರಮೈಸಿನ್ (ಆಂಟಿಬಯೋಟಿಕ್) ಡ್ರಾಪ್ಸ್ ದಿನಕ್ಕೆ ನಾಲ್ಕು ಸಲ, ಕೃತಕ ಕಣ್ಣೀರು, ಕಣ್ಣು ಉಜ್ಜಿಕೊಳ್ಳದ ಹಾಗೆ ಕತ್ತಿಗೆ ಲಾಳಿಕೆಯಾಕಾರದ ಕಾಲರ್. ಮಂಗಳವಾರ ಮತ್ತೆ ಒತ್ತಡ ನೋಡಬೇಕು. ಮಾತ್ರೆ 5 ಮಿಲಿಗ್ರಾಂದು ಕೊಟ್ಟಿದಾರೆ, ಕಾಲು ಭಾಗ ಮಾಡಿದರೆ ಪುಡಿಯಾಗ್ತಿದೆ.

ಮದ್ದಿನಂಗಡಿ · 16:52
5ರದ್ದು ವಾಪಸ್ ಕೊಟ್ಟು 2.5 ಮಿಲಿಗ್ರಾಂ ತಗೊಳ್ಳಿ, ಅರ್ಧ ಮಾಡಿದರೆ ಸರಿಯಾಗಿ 1.25. ಚಾಕು ಬೇಡ, ಮಾತ್ರೆ ಕತ್ತರಿಸೋ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತೆ. ಒಂದೊಂದೇ ಮಾತ್ರೆ ಕತ್ತರಿಸಿ ಎರಡು ದಿನದಲ್ಲಿ ಮುಗಿಸಿ. ಹೆಸರಿನ ಕೊನೆಗೆ 'ಎಟಿ' ಇದ್ದರೆ ತಗೋಬೇಡಿ, ಅದರಲ್ಲಿ ಅಟೆನೊಲಾಲ್ ಕೂಡ ಇರುತ್ತೆ. ಬರೀ ಆಮ್ಲೋಡಿಪಿನ್ ಅಂತ ಇರಲಿ.

ನಾಲ್ಕುಕಾಲು_ವೈದ್ಯ · 17:05
ಸಣ್ಣ ಬೆಕ್ಕಿಗೆ ಸಾಮಾನ್ಯವಾಗಿ 0.625ರಿಂದ ಶುರು, 200 ದಾಟಿದ್ದಕ್ಕೆ 1.25 ಬರೆದಿದಾರೆ, ಸರಿಯಾಗಿದೆ. ಗುರಿ 160ಕ್ಕಿಂತ ಕೆಳಗೆ. 120ಕ್ಕಿಂತ ಇಳಿದು ಬೆಕ್ಕು ಸುಸ್ತಾಗಿ ಮಲಗಿದರೆ, ತೂರಾಡಿದರೆ ಫೋನ್ ಮಾಡಿ. ಒಂದು ದಿನ ಮರೆತರೆ ಮರುದಿನ ಎರಡು ಪಟ್ಟು ಕೊಡಬೇಡಿ. ಕಣ್ಣು ಸರಿ ಹೋಯ್ತು ಅಂತ ನಿಲ್ಲಿಸೋದು ಬೇಡವೇ ಬೇಡ. ಇದು ಕೊನೇವರೆಗೆ ಕೊಡೋ ಮಾತ್ರೆ.

ಮಾತ್ರೆ ನುಂಗಿಸಿದ ಮೇಲೆ ಸಿರಿಂಜಿನಲ್ಲಿ 3ರಿಂದ 5 ಮಿಲಿ ನೀರು ಬಾಯಿಯ ಪಕ್ಕದಿಂದ ನಿಧಾನಕ್ಕೆ ಬಿಡಿ. ಬೆಕ್ಕಿನ ಅನ್ನನಾಳದಲ್ಲಿ ಒಣಮಾತ್ರೆ ಅಂಟಿಕೊಂಡು ಕೂರುತ್ತೆ.

ಬಸವನಗುಡಿ_ಬೆಕ್ಕು · 17:20
ಡ್ರಾಪ್ಸ್ ಹಾಕೋಕೆ ಬಿಡ್ತಿಲ್ಲ. ಬಾಟಲಿ ಕಂಡರೆ ಅಲ್ಲ, ಅದಕ್ಕೆ ಕಾಣಲ್ಲ ಪಾಪ, ಕೈ ತಾಗಿದ ಕೂಡಲೇ ಹಿಂದಕ್ಕೆ ಜರುಗುತ್ತೆ.

ಕೊತ್ತಿಮರಿ · 17:34
ಮೊದಲು ಮಾತಾಡಿ, ಆಮೇಲೆ ಮುಟ್ಟಿ. ಕಾಣದ ಬೆಕ್ಕಿಗೆ ಸದ್ದಿಲ್ಲದೆ ಬಂದ ಕೈ ಭಯ. ಹಿಂದಕ್ಕೆ ಜರುಗೋಕೆ ಜಾಗ ಇರಬಾರದು, ಅದಕ್ಕೆ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗೋ ಹಾಗೆ ಕೂರಿಸಿ, ಮುಂಗಾಲು ಸೇರಿಸಿ ಟವೆಲ್ ಸುತ್ತಿ. ಎಡಗೈಯಿಂದ ಗದ್ದ ಎತ್ತಿ ಮೂಗು ಮೇಲ್ಮುಖ ಮಾಡಿ. ಬಲ ಅಂಗೈಯ ಬುಡ ಹಣೆಯ ಮೇಲೆ ಊರಿ, ಅದೇ ಕೈಯಿಂದ ಮೇಲಿನ ರೆಪ್ಪೆ ಚೂರು ಎಳೆದು, ತಲೆಯ ಹಿಂದಿನಿಂದ ಹನಿ ಬಿಡಿ. ಕೈ ಹಣೆಗೇ ಊರಿರೋದರಿಂದ ಬೆಕ್ಕು ತಲೆ ಕೊಡವಿದರೂ ಬಾಟಲಿ ಜೊತೆಗೇ ಹೋಗುತ್ತೆ, ಮೂತಿ ಕಣ್ಣಿಗೆ ಚುಚ್ಚಲ್ಲ. ಒಂದೇ ಹನಿ ಸಾಕು, ಎರಡನೇದು ಹೊರಗೆ ಹರಿದು ಹೋಗುತ್ತೆ.

ಎರಡು ಥರದ ಡ್ರಾಪ್ಸ್ ನಡುವೆ 5 ನಿಮಿಷ ಬಿಡಿ. ಟೋಬ್ರಮೈಸಿನ್ ಮೊದಲು, ದಪ್ಪ ಇರೋ ಕೃತಕ ಕಣ್ಣೀರು ಆಮೇಲೆ. ಬಾಟಲಿ ತೆರೆದ ತಾರೀಕು ಬರೆದು 28 ದಿನಕ್ಕೆ ಎಸೀರಿ. ಪ್ರತಿ ಸಲ ಮುಗಿದ ಮೇಲೆ ಚೂರು ಮೀನೋ ಕೋಳಿಯೋ ಕೊಡಿ.

ಪುಚ್ಚೆಮನೆ_ಉಡುಪಿ · 17:50
ಕಾಲರ್ ಹಾಕಿದ ಬೆಕ್ಕಿಗೆ ಮೀಸೆಯೂ ಕೆಲಸ ಮಾಡುವುದಿಲ್ಲ, ಕಣ್ಣೂ ಇಲ್ಲ. ಒಂದೇ ಕೋಣೆಯಲ್ಲಿ ಇಡಿ. ಊಟ, ನೀರು ಒಂದು ಮೂಲೆ, ಮಲದ ಟ್ರೇ ಎದುರು ಮೂಲೆ, ಇಟ್ಟಲ್ಲಿಂದ ಒಂದಂಗುಲವೂ ಸರಿಸಬೇಡಿ. ಮರಳು ಬ್ರಾಂಡ್ ಬದಲಿಸಬೇಡಿ, ವಾಸನೆಯೇ ಅದಕ್ಕೆ ದಾರಿ. ದಾರಿ ತಪ್ಪಿದಾಗ ಎತ್ತಿಕೊಂಡು ಹೋಗಿ ಬಿಡುವುದಕ್ಕಿಂತ ಟ್ರೇ ಹತ್ತಿರ ಬೆರಳಿನಿಂದ ತಟ್ಟಿ ಕರೆಯಿರಿ. ಬಾಲ್ಕನಿ, ಮೆಟ್ಟಿಲು, ನೀರು ತುಂಬಿದ ಬಕೆಟ್ ಮುಚ್ಚಿರಲಿ.

ಹುಬ್ಳಿ_ಹುಲಿಮರಿ · 18:04
ಊಟದ ತಾಟು ಗಾಜಿಂದು ಬ್ಯಾಡ್ರಿ, ಕಾಲರ್ ತಾಗಿ ಜರಗತೈತಿ. ಭಾರ ಇರೋ ಪಿಂಗಾಣಿ ಬಟ್ಟಲ ಇಡ್ರಿ, ಕೆಳಗ ಒದ್ದಿ ಬಟ್ಟಿ ಹಾಕ್ರಿ.

ಬಸವನಗುಡಿ_ಬೆಕ್ಕು · ಮಂಗಳವಾರ 19:12
ಇವತ್ತು 162. ಎಡಗಣ್ಣಿನ ಹುಣ್ಣು ಬಣ್ಣ ಹಿಡೀಲಿಲ್ಲ. ಬಲಗಣ್ಣಿನ ಪಾಪೆ ಹಾಗೇ ಇದೆ. ಎಡಗಣ್ಣು ಟಾರ್ಚಿಗೆ ಸ್ವಲ್ಪ ಕಿರಿದಾಗ್ತಿದೆ, ಹತ್ತಿ ಉಂಡೆಗೆ ಇನ್ನೂ ತಿರುಗ್ತಿಲ್ಲ. ಕಾಲರ್ ತೆಗೀಬಹುದಾ?

ನಾಲ್ಕುಕಾಲು_ವೈದ್ಯ · 19:30
ಬಣ್ಣ ಹಿಡೀಲಿಲ್ಲ ಅಂದ್ರೆ ಮೇಲ್ಪದರ ಮುಚ್ಚಿದೆ, ಆದರೆ ಇನ್ನೂ ತೆಳು. ಎರಡು ದಿನ ಬಿಟ್ಟು ತೆಗೀರಿ, ಉಜ್ಜಿಕೊಂಡರೆ ಮತ್ತೆ ಹಾಕಿ. ಮಾತ್ರೆ ಅದೇ ಪ್ರಮಾಣ ಮುಂದುವರಿಸಿ, ವಾರದಲ್ಲಿ ಮತ್ತೆ ಒತ್ತಡ, ಜೊತೆಗೆ ಕ್ರಿಯಾಟಿನಿನ್. ಹತ್ತಿ ಉಂಡೆ ಪರೀಕ್ಷೆ ಮೂರು ದಿನಕ್ಕೊಮ್ಮೆ ಸಾಕು, ಎಡ ಬಲ ಎರಡೂ ಕಡೆಯಿಂದ ಬೀಳಿಸಿ.